‘ಡೆಪ್ರಿಕೇಟ್’ ಆಯಿತು ಎಂದರೆ ತೆಗೆದುಹಾಕಿದರು ಎಂದೇ? ಓಡುತ್ತಿರುವ ಕಂಪ್ಯೂಟರನ್ನು ಸಾಗಿಸುವ ಕಥೆ

ಮನೆ ಬದಲಾಯಿಸಿದವರಿಗೆಲ್ಲ ಗೊತ್ತು: ಸಾಮಾನನ್ನು ಲಾರಿಗೆ ಏರಿಸುವ ಮೊದಲು ಒಲೆ ಆರಿಸಬೇಕು, ಫ್ರಿಜ್ ಖಾಲಿ ಮಾಡಬೇಕು, ಸಿಲಿಂಡರ್ ಬಿಚ್ಚಬೇಕು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಇಡೀ ಅಡುಗೆಮನೆಯನ್ನು ಪಕ್ಕದ ಬೀದಿಗೆ ಸಾಗಿಸಿ, ಊಟಕ್ಕೆ ಕುಳಿತವರಿಗೆ ಅದು ಗೊತ್ತೇ ಆಗಬಾರದು ಎಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಆದರೆ ಡೇಟಾ ಸೆಂಟರ್‌ಗಳಲ್ಲಿ ಇಂಥದ್ದೇ ಕೆಲಸ ದಿನವೂ ನಡೆಯುತ್ತದೆ. ನೀವು ತೆರೆದಿರುವ ಜಾಲತಾಣವನ್ನು ನಡೆಸುತ್ತಿರುವ ಕಂಪ್ಯೂಟರು, ನೀವು ಓದುತ್ತಿರುವಾಗಲೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಿಬಿಡಬಹುದು. ಪುಟ ಒಮ್ಮೆಯೂ ತಡವರಿಸದಿರಬಹುದು.

ಇದಕ್ಕೆ ಲೈವ್ ಮೈಗ್ರೇಶನ್ ಎನ್ನುತ್ತಾರೆ. ಕನ್ನಡದಲ್ಲಿ ಜೀವಂತ ವಲಸೆ ಎನ್ನೋಣ. ಈ ವಲಸೆ ಹೇಗೆ ನಡೆಯಬೇಕೆಂಬ ಸೂಚನೆಗಳನ್ನು ಕಂಪ್ಯೂಟರಿಗೆ ಯಾವಾಗ ಹೇಳಬೇಕು? ಅದನ್ನು ಚಾಲೂ ಮಾಡುವಾಗಲೇ ಕಮಾಂಡ್ ಲೈನಿನಲ್ಲಿ ಬರೆದುಬಿಡಬೇಕೇ, ಇಲ್ಲ ಅದು ಓಡುತ್ತಿರುವಾಗ ಹೇಳಬೇಕೇ? ಕೇಳಲು ಚಿಲ್ಲರೆ ಪ್ರಶ್ನೆ. ಆದರೆ ಈ ಚಿಲ್ಲರೆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ವಲಸೆ ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳಬಹುದು, ಪಾಸ್‌ವರ್ಡುಗಳು ಬಯಲಲ್ಲಿ ಹರಿಯಬಹುದು. ಜೊತೆಗೆ, ಹಳೆಯ ದಾರಿಯನ್ನು ‘ಡೆಪ್ರಿಕೇಟ್’ ಮಾಡಿದ್ದೇವೆ ಎಂದು ತಂತ್ರಾಂಶದವರು ಹೇಳಿದಾಗ ಅದರ ಅರ್ಥವೇನು ಎನ್ನುವುದರ ಸುತ್ತಲೂ ಒಂದಷ್ಟು ತಪ್ಪು ತಿಳಿವಳಿಕೆ ಇದೆ. ಎರಡನ್ನೂ ಒಟ್ಟಿಗೇ ನೋಡೋಣ.

ಸಾಗಿಸುವುದು ಏನನ್ನು?

ಮೊದಲಿಗೆ ವರ್ಚುವಲ್ ಮೆಷಿನ್. ಒಂದು ದೊಡ್ಡ ಕಂಪ್ಯೂಟರಿನೊಳಗೆ ತಂತ್ರಾಂಶವೇ ಸೃಷ್ಟಿಸಿದ ಹಲವು ಚಿಕ್ಕ ಕಂಪ್ಯೂಟರುಗಳಿರುತ್ತವೆ. ಒಂದೊಂದಕ್ಕೂ ತನ್ನದೇ ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಇದೆಯೆಂಬ ಭ್ರಮೆ. ಒಳಗಿರುವ ಕಂಪ್ಯೂಟರಿಗೆ ಅತಿಥಿ, ಹೊರಗಿನ ನಿಜವಾದ ಯಂತ್ರಕ್ಕೆ ಹೋಸ್ಟ್ ಎಂದು ಹೆಸರು. ಹೋಸ್ಟ್ ಯಂತ್ರದ ಫ್ಯಾನ್ ಕೆಟ್ಟಿತು, ಭದ್ರತಾ ಪ್ಯಾಚ್ ಹಾಕಬೇಕು, ಇಲ್ಲವೇ ಅದರ ಮೇಲೆ ಹೊರೆ ಹೆಚ್ಚಾಯಿತು ಎಂದಾಗ ಅತಿಥಿಗಳನ್ನು ಬೇರೆ ಹೋಸ್ಟ್‌ಗೆ ಕಳಿಸಬೇಕು. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳ ವಿರುದ್ಧ ಗೂಗಲ್ ತನ್ನ ಕ್ಲೌಡ್ ಗ್ರಾಹಕರ ಮೆಷಿನ್‌ಗಳನ್ನು ನಿಲ್ಲಿಸದೆ ಹೋಸ್ಟ್‌ಗಳನ್ನು ಸರಿಪಡಿಸಿದ್ದು ಈ ತಂತ್ರದಿಂದಲೇ.

ಫೈಲ್ ಕಾಪಿ ಮಾಡಿದ ಹಾಗೆ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಡಿಸ್ಕ್ ಸಾಮಾನ್ಯವಾಗಿ ಎರಡೂ ಹೋಸ್ಟ್‌ಗಳಿಗೆ ಎಟುಕುವ ಜಾಗದಲ್ಲಿ ಇರುತ್ತದೆ, ಸಾಗಿಸಬೇಕಾದದ್ದು ಮೆಮೊರಿ. ಮೆಮೊರಿ ನಾವು ಕಾಪಿ ಮಾಡುತ್ತಿರುವಾಗಲೇ ಬದಲಾಗುತ್ತಿರುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತ, ಒಂದು ಮೂಲೆಯಲ್ಲಿ ಒರೆಸಿ ಮತ್ತೆ ಬರೆಯುತ್ತ ಹೋಗುತ್ತಿದ್ದಾರೆ, ನೀವು ಇಡೀ ಬೋರ್ಡನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಬೇಕು ಎಂದುಕೊಳ್ಳಿ. ಒಂದು ಸುತ್ತು ಪೂರ್ತಿ ಬರೆದುಕೊಳ್ಳುತ್ತೀರಿ. ಅಷ್ಟರಲ್ಲಿ ಬದಲಾದ ಭಾಗಗಳನ್ನು ಗುರುತಿಟ್ಟುಕೊಂಡು ಎರಡನೇ ಸುತ್ತಿನಲ್ಲಿ ಅವನ್ನಷ್ಟೇ ತಿದ್ದುತ್ತೀರಿ. ಹೀಗೆ ಸುತ್ತು ಸುತ್ತು ಬಂದು, ಕೊನೆಗೆ ನಾಲ್ಕೈದು ಸಾಲು ಉಳಿದಾಗ ‘ಸಾರ್, ಒಂದು ನಿಮಿಷ’ ಎನ್ನುತ್ತೀರಿ. ಮೇಷ್ಟ್ರು ನಿಲ್ಲುತ್ತಾರೆ, ನೀವು ಮುಗಿಸುತ್ತೀರಿ.

ಲೈವ್ ಮೈಗ್ರೇಶನ್‌ನ ಸಾಮಾನ್ಯ ವಿಧಾನ ಇದೇ. ಮೆಮೊರಿಯನ್ನು ಪುಟಗಳಾಗಿ ವಿಂಗಡಿಸಿರುತ್ತಾರೆ. ನಮ್ಮ ನಿಮ್ಮ ಪಿಸಿಗಳಲ್ಲಿ ಒಂದು ಪುಟ ಸಾಮಾನ್ಯವಾಗಿ 4 ಕಿಲೋಬೈಟ್. ಕಳಿಸಿದ ಮೇಲೆ ಬದಲಾದ ಪುಟಗಳಿಗೆ ‘ಡರ್ಟಿ’ ಎಂದು ಗುರುತು ಹಾಕಿ ಮತ್ತೆ ಕಳಿಸುತ್ತಾರೆ. ಉಳಿದದ್ದು ಸಾಕಷ್ಟು ಕಡಿಮೆಯಾದಾಗ ಅತಿಥಿಯನ್ನು ಕ್ಷಣಕಾಲ ನಿಲ್ಲಿಸಿ, ಕೊನೆಯ ಪುಟಗಳನ್ನೂ ಪ್ರೊಸೆಸರಿನ ಸ್ಥಿತಿಯನ್ನೂ ಕಳಿಸಿ, ಆ ಕಡೆ ಎಬ್ಬಿಸುತ್ತಾರೆ. 2005ರಲ್ಲಿ ಕೇಂಬ್ರಿಜ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಝೆನ್ ಎಂಬ ತಂತ್ರಾಂಶದ ಮೇಲೆ ಇದನ್ನು ಮಾಡಿ ತೋರಿಸಿದಾಗ, ಜನ ಆಡುತ್ತಿದ್ದ ಕ್ವೇಕ್ 3 ಆಟದ ಸರ್ವರನ್ನೇ ಸಾಗಿಸಿದ್ದರು. ಆಟ ನಿಂತದ್ದು ಸುಮಾರು 60 ಮಿಲಿಸೆಕೆಂಡ್. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಒಂದು ಸಣ್ಣ ಲೆಕ್ಕ

ಇನ್ನು ಮುಂದಿನ ಉದಾಹರಣೆಗಳೆಲ್ಲ ಕ್ಯೂಎಮು ಎಂಬ ಮುಕ್ತ ತಂತ್ರಾಂಶದ್ದು. 2003ರಲ್ಲಿ ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ಶುರುಮಾಡಿದ ಈ ಯೋಜನೆ ಇವತ್ತು ಲಿನಕ್ಸ್‌ನ ಕೆವಿಎಂ ಜೊತೆ ಸೇರಿ ಓಪನ್‌ಸ್ಟ್ಯಾಕ್, ಪ್ರಾಕ್ಸ್‌ಮಾಕ್ಸ್ ಮುಂತಾದ ವ್ಯವಸ್ಥೆಗಳ ಅಡಿಪಾಯವಾಗಿದೆ.

ಕ್ಯೂಎಮುವಿನಲ್ಲಿ ವಲಸೆಯ ವೇಗಕ್ಕೆ ಒಂದು ಮಿತಿ ಇರುತ್ತದೆ, ನೆಟ್‌ವರ್ಕನ್ನೆಲ್ಲ ಅದೇ ನುಂಗದಿರಲಿ ಎಂದು. ಬಹಳ ಕಾಲ ಅದು ತಾನಾಗಿಯೇ ಸೆಕೆಂಡಿಗೆ 32 ಮೆಗಾಬೈಟ್ ಇರುತ್ತಿತ್ತು, 2020ರ 5.2 ಆವೃತ್ತಿಯಿಂದ 128 ಆಯಿತು. 16 ಗಿಗಾಬೈಟ್ ಮೆಮೊರಿಯ ಅತಿಥಿಯ ಮೊದಲ ಸುತ್ತಿಗೆ ಹಳೆಯ ಲೆಕ್ಕದಲ್ಲಿ ಎಂಟೂವರೆ ನಿಮಿಷ ಬೇಕು, ಹೊಸದರಲ್ಲಿ ಎರಡು ನಿಮಿಷದ ಮೇಲೆ ಸ್ವಲ್ಪ. ಇನ್ನೊಂದು ಮಿತಿ, ಅತಿಥಿಯನ್ನು ಕೊನೆಯಲ್ಲಿ ಎಷ್ಟು ಹೊತ್ತು ನಿಲ್ಲಿಸಬಹುದು ಎನ್ನುವುದು. ತಾನಾಗಿ ಇರುವುದು 300 ಮಿಲಿಸೆಕೆಂಡ್. ಸೆಕೆಂಡಿಗೆ 128 ಮೆಗಾಬೈಟ್ ವೇಗದಲ್ಲಿ 300 ಮಿಲಿಸೆಕೆಂಡಿನಲ್ಲಿ ಹೋಗುವುದು ಸುಮಾರು 38 ಮೆಗಾಬೈಟ್. ಅಂದರೆ ಬಾಕಿ ಅಷ್ಟಕ್ಕೆ ಇಳಿಯುವವರೆಗೆ ಸುತ್ತು ನಡೆಯುತ್ತಲೇ ಇರಬೇಕು.

ಈಗ ಅತಿಥಿಯೊಳಗಿನ ಡೇಟಾಬೇಸ್ ಸೆಕೆಂಡಿಗೆ 200 ಮೆಗಾಬೈಟ್ ಮೆಮೊರಿಯನ್ನು ತಿದ್ದುತ್ತಿದೆ ಎಂದುಕೊಳ್ಳಿ. ಕಳಿಸುವ ವೇಗ 128. ತೂತು ಕೊಡದಲ್ಲಿ ನೀರು ತುಂಬಿಸಿದ ಹಾಗೆ, ಈ ವಲಸೆ ಎಂದಿಗೂ ಮುಗಿಯುವುದಿಲ್ಲ. ಆಗ ಆಪರೇಟರ್ ಏನು ಮಾಡಬೇಕು? ವೇಗದ ಮಿತಿ ಏರಿಸಬಹುದು. ಇನ್ನೂ ಸ್ವಲ್ಪ ಹೆಚ್ಚು ಹೊತ್ತು ನಿಂತರೂ ಪರವಾಗಿಲ್ಲ ಎನ್ನಬಹುದು. ಅತಿಥಿಯ ಪ್ರೊಸೆಸರನ್ನೇ ಬೇಕೆಂದು ನಿಧಾನ ಮಾಡಬಹುದು; ಇದಕ್ಕೆ ಆಟೋ ಕನ್ವರ್ಜ್ ಎಂದು ಹೆಸರು, ಮೊದಲು ಶೇಕಡ 20ರಷ್ಟು ತಡೆದು, ಸಾಲದಿದ್ದರೆ ಹತ್ತು ಹತ್ತರಂತೆ ಬಿಗಿ ಹೆಚ್ಚಿಸುತ್ತದೆ. ಅಥವಾ ತಂತ್ರವನ್ನೇ ಬದಲಿಸಿ ಪೋಸ್ಟ್‌ಕಾಪಿಗೆ ಹೋಗಬಹುದು: ಅತಿಥಿಯನ್ನು ಮೊದಲು ಆ ಕಡೆ ಎಬ್ಬಿಸಿ, ಬೇಕಾದ ಪುಟಗಳನ್ನು ಬೇಕೆಂದಾಗ ಹಿಂದಿನ ಮನೆಯಿಂದ ತರಿಸಿಕೊಳ್ಳುವುದು.

ಈ ತೀರ್ಮಾನಗಳೆಲ್ಲವೂ ವಲಸೆ ನಡೆಯುತ್ತಿರುವಾಗ, ಅದರ ಅಂಕಿಸಂಖ್ಯೆ ನೋಡಿಕೊಂಡು ತೆಗೆದುಕೊಳ್ಳುವಂಥವು. ಆರು ತಿಂಗಳ ಹಿಂದೆ ಆ ಮೆಷಿನ್ ಚಾಲೂ ಮಾಡಿದವರಿಗೆ ಇವತ್ತು ಅದರ ಡೇಟಾಬೇಸ್ ಇಷ್ಟು ಬಿಸಿಯಾಗಿರುತ್ತದೆ ಎಂದು ಹೇಗೆ ಗೊತ್ತಿರಬೇಕು?

ಲಗ್ನಪತ್ರಿಕೆ ಮತ್ತು ಫೋನ್ ಕರೆ

ಕಮಾಂಡ್ ಲೈನ್ ಎಂದರೆ ತಂತ್ರಾಂಶವನ್ನು ಚಾಲೂ ಮಾಡುವಾಗ ಕೊಡುವ ಒಂದು ಉದ್ದನೆಯ ಸಾಲು. ಮೆಮೊರಿ ಎಷ್ಟು, ಪ್ರೊಸೆಸರ್ ಎಷ್ಟು, ಯಾವ ಡಿಸ್ಕ್, ಯಾವ ನೆಟ್‌ವರ್ಕ್ ಎಂದು ಹೈಫನ್ ಹಾಕಿ ಹಾಕಿ ಬರೆಯುತ್ತಾರೆ. ಒಮ್ಮೆ ಎಂಟರ್ ಒತ್ತಿದ ಮೇಲೆ ಆ ಸಾಲನ್ನು ತಿದ್ದುವಂತಿಲ್ಲ. ಲಗ್ನಪತ್ರಿಕೆಯ ಹಾಗೆ: ದಿನ, ಮುಹೂರ್ತ, ಛತ್ರದ ವಿಳಾಸ ಎಲ್ಲ ತಿಂಗಳ ಮೊದಲೇ ಅಚ್ಚಾಗಿರುತ್ತದೆ. ಆದರೆ ಬಸ್‌ಸ್ಟ್ಯಾಂಡಿನಿಂದ ಅತ್ತೆಯನ್ನು ಕರೆತರಲು ಯಾರು ಹೋಗಬೇಕು ಎನ್ನುವುದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ. ಅದು ಆ ದಿನ ಫೋನಿನಲ್ಲಿ ಆಗುವ ಮಾತು.

ಕ್ಯೂಎಮುವಿನಲ್ಲಿ ಆ ಫೋನ್ ಲೈನಿನ ಹೆಸರು ಮಾನಿಟರ್. ಓಡುತ್ತಿರುವ ಮೆಷಿನ್‌ಗೆ ಹೊರಗಿನಿಂದ ಸೂಚನೆ ಕೊಡುವ, ಉತ್ತರ ಪಡೆಯುವ ಕಿಂಡಿ. ಮನುಷ್ಯರು ಟೈಪ್ ಮಾಡಲು ಒಂದು ರೂಪ. ಬೇರೆ ತಂತ್ರಾಂಶಗಳು ಮಾತಾಡಲು ಕ್ಯೂಎಂಪಿ ಎಂಬ ಇನ್ನೊಂದು ರೂಪ, ಜೇಸನ್ ಭಾಷೆಯಲ್ಲಿ. ವಲಸೆಯ ವೇಗ, ನಿಲುಗಡೆಯ ಮಿತಿ, ಆಟೋ ಕನ್ವರ್ಜ್, ಪೋಸ್ಟ್‌ಕಾಪಿ ಎಲ್ಲವನ್ನೂ ಇದರ ಮೂಲಕ ಹೇಳಬಹುದು. ಹಿಂದೆ ವೇಗಕ್ಕೊಂದು, ನಿಲುಗಡೆಗೊಂದು ಬೇರೆ ಬೇರೆ ಆದೇಶಗಳಿದ್ದವು. ಅವನ್ನು ‘ಮೈಗ್ರೇಟ್ ಸೆಟ್ ಪ್ಯಾರಾಮೀಟರ್ಸ್’ ಎಂಬ ಒಂದೇ ಆದೇಶದೊಳಗೆ ಸೇರಿಸಿ, ಹಳೆಯವನ್ನು 6.0 ಆವೃತ್ತಿಯಲ್ಲಿ ತೆಗೆದರು.

ಹಾಗಾದರೆ ತೊಂದರೆ ಎಲ್ಲಿ? ಕಳಿಸುವ ಕಡೆಯಲ್ಲಿ ಅಲ್ಲ. ಅಲ್ಲಿ ಮೆಷಿನ್ ಹೇಗೂ ಓಡುತ್ತಿದೆ, ಮಾನಿಟರ್ ತೆರೆದಿದೆ, ಹೇಳಿದ್ದನ್ನು ಕೇಳುತ್ತದೆ. ತೊಂದರೆ ಬರಮಾಡಿಕೊಳ್ಳುವ ಕಡೆ. ಅಲ್ಲಿ ಹೊಸದಾಗಿ ಒಂದು ಖಾಲಿ ಕ್ಯೂಎಮು ಚಾಲೂ ಮಾಡಿ ‘ಅತಿಥಿ ಬರುತ್ತಿದ್ದಾನೆ, ಕಾಯುತ್ತಿರು’ ಎನ್ನಬೇಕು. ಇದನ್ನು ಹೇಳುವುದು ‘ಇನ್‌ಕಮಿಂಗ್’ ಎಂಬ ಕಮಾಂಡ್ ಲೈನ್ ಆಯ್ಕೆ. ಅದರ ಮುಂದೆ ವಿಳಾಸ ಬರೆಯುತ್ತಾರೆ: ಟಿಸಿಪಿ, ಇಂಥ ಪೋರ್ಟ್. ಹೀಗೆ ಬರೆದರೆ ಕ್ಯೂಎಮು ಚಾಲೂ ಆದ ಕ್ಷಣವೇ ಆ ಪೋರ್ಟಿನಲ್ಲಿ ಬಾಗಿಲು ತೆರೆದು ನಿಲ್ಲುತ್ತದೆ.

ಬಾಗಿಲು ತೆರೆದ ಮೇಲೆ ಹೇಳಿದರೆ ಏನಾಗುತ್ತದೆ

ಮಲ್ಟಿಎಫ್‌ಡಿ ಎಂಬುದೊಂದು ಸೌಲಭ್ಯ. ಮೆಮೊರಿಯನ್ನು ಒಂದೇ ನೆಟ್‌ವರ್ಕ್ ಸಂಪರ್ಕದಲ್ಲಿ ಕಳಿಸುವ ಬದಲು ಹಲವು ಸಂಪರ್ಕಗಳಲ್ಲಿ ಒಟ್ಟಿಗೇ ಕಳಿಸುವುದು. ದೊಡ್ಡ ಮೆಷಿನ್‌ಗಳಿಗೆ ಇದಿಲ್ಲದೆ ಆಗುವುದಿಲ್ಲ. ಎರಡೂ ಕಡೆ ಇದನ್ನು ಆನ್ ಮಾಡಿರಬೇಕು. ಈಗ ನೋಡಿ: ಬರಮಾಡಿಕೊಳ್ಳುವ ಕಡೆ ವಿಳಾಸ ಸಮೇತ ಚಾಲೂ ಮಾಡಿದಿರಿ, ಬಾಗಿಲು ತೆರೆಯಿತು. ಎಷ್ಟು ಸಂಪರ್ಕಗಳು ಸಾಲಿನಲ್ಲಿ ಕಾಯಬಹುದು ಎಂಬುದನ್ನು ಅದು ತೆರೆಯುವಾಗಲೇ ನಿಗದಿ ಮಾಡಿಬಿಡುತ್ತದೆ. ಆಗ ಅದಕ್ಕೆ ಮಲ್ಟಿಎಫ್‌ಡಿ ವಿಷಯ ಗೊತ್ತಿಲ್ಲ, ಒಬ್ಬನೇ ಬರುತ್ತಾನೆ ಎಂದುಕೊಂಡಿದೆ. ನೀವು ಆಮೇಲೆ ಮಾನಿಟರಿನಲ್ಲಿ ‘ಮಲ್ಟಿಎಫ್‌ಡಿ ಆನ್’ ಎಂದಿರಿ. ಅದು ‘ಸರಿ’ ಎಂದಿತು. ಆ ಕಡೆಯಿಂದ ಹತ್ತಾರು ಸಂಪರ್ಕಗಳು ಒಟ್ಟಿಗೇ ಬಂದು ಬಾಗಿಲಲ್ಲಿ ನೂಕುನುಗ್ಗಲಾಯಿತು. ವಲಸೆ ಸಿಕ್ಕಿಕೊಂಡಿತು. ಅದೂ ಪ್ರತಿಸಲವೂ ಅಲ್ಲ, ಒಮ್ಮೊಮ್ಮೆ. ತಂತ್ರಾಂಶದಲ್ಲಿ ಒಮ್ಮೊಮ್ಮೆ ಬರುವ ದೋಷಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

2023ರಲ್ಲಿ ಇದಕ್ಕೆ ಒಂದು ನೇರ ಪರಿಹಾರ ಬಂತು: ಬಾಗಿಲು ತೆರೆದ ಮೇಲೆ ಮಲ್ಟಿಎಫ್‌ಡಿ ಆನ್ ಮಾಡಲು ಹೋದರೆ, ಅದನ್ನು ವಲಸೆ ಬರಮಾಡಿಕೊಳ್ಳುವ ಮೊದಲೇ ಹೇಳಬೇಕಿತ್ತು ಎಂದು ಕ್ಯೂಎಮು ಈಗ ಖಡಾಖಂಡಿತವಾಗಿ ನಿರಾಕರಿಸುತ್ತದೆ. ಸುಮ್ಮನೆ ‘ಸರಿ’ ಎಂದು ಆಮೇಲೆ ಕೈಕೊಡುವುದಕ್ಕಿಂತ ಮುಖಕ್ಕೆ ಹೊಡೆದಂತೆ ‘ಆಗುವುದಿಲ್ಲ’ ಎನ್ನುವುದು ಎಷ್ಟೋ ಮೇಲು.

ಇದಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಭದ್ರತೆಯ ವಿಷಯ. ಅತಿಥಿಯ ಮೆಮೊರಿ ಎಂದರೆ ಅದರ ಮನಸ್ಸೇ: ಲಾಗಿನ್ ಆದವರ ವಿವರ, ತೆರೆದ ಕಡತಗಳು, ಗೂಢಲಿಪಿಯ ಕೀಲಿಗಳು ಎಲ್ಲ ಅಲ್ಲಿವೆ. ಡಿಸ್ಕಿನಲ್ಲಿ ಬೀಗ ಹಾಕಿಟ್ಟದ್ದು ಕೂಡ ಮೆಮೊರಿಯಲ್ಲಿ ಬಿಚ್ಚಿದ ಸ್ಥಿತಿಯಲ್ಲಿರುತ್ತದೆ. ಬರಿಯ ಟಿಸಿಪಿ ವಿಳಾಸ ಕೊಟ್ಟರೆ ಈ ಮೆಮೊರಿಯೆಲ್ಲ ನೆಟ್‌ವರ್ಕಿನಲ್ಲಿ ಹಾಗೇ, ಮುಚ್ಚುಮರೆಯಿಲ್ಲದೆ ಹರಿಯುತ್ತದೆ. ನಡುವೆ ಕಿವಿಗೊಟ್ಟು ಕುಳಿತವನಿಗೆ ಹಬ್ಬ. 2016ರ 2.7 ಆವೃತ್ತಿಯಿಂದ ಕ್ಯೂಎಮುವಿನಲ್ಲಿ ವಲಸೆಗೆ ಟಿಎಲ್‌ಎಸ್ ರಕ್ಷಣೆ ಇದೆ. ಬ್ಯಾಂಕಿನ ಜಾಲತಾಣ ತೆರೆದಾಗ ಇರುವ ರಕ್ಷಣೆಯೇ ಅದು. ಆದರೆ ಯಾವ ಪ್ರಮಾಣಪತ್ರ ಬಳಸಬೇಕೆಂಬ ವಿವರಕ್ಕೆ ಇನ್‌ಕಮಿಂಗ್ ಆಯ್ಕೆಯ ವಿಳಾಸದಲ್ಲಿ ಜಾಗವಿಲ್ಲ. ಅದನ್ನು ಪ್ಯಾರಾಮೀಟರ್ ಆಗಿಯೇ ಹೇಳಬೇಕು. ವಿಳಾಸ ಸಮೇತ ಚಾಲೂ ಮಾಡಿದರೆ ಬಾಗಿಲು ತೆರೆದ ಕ್ಷಣಕ್ಕೂ ಬೀಗದ ವಿಷಯ ಹೇಳುವ ಕ್ಷಣಕ್ಕೂ ನಡುವೆ ಒಂದು ಸಂದು ಉಳಿಯುತ್ತದೆ. ಎಷ್ಟೇ ಚಿಕ್ಕದಾದರೂ ಸಂದು ಸಂದೇ.

ಹೀಗಾಗಿ 2015ರ ಏಪ್ರಿಲಿನಲ್ಲಿ ಬಂದ 2.3 ಆವೃತ್ತಿಯಲ್ಲಿ ಒಂದು ಸರಳ ಉಪಾಯ ಸೇರಿಸಿದರು. ವಿಳಾಸದ ಜಾಗದಲ್ಲಿ ‘ಡಿಫರ್’ ಎಂಬ ಒಂದು ಪದ. ಡಿಫರ್ ಎಂದರೆ ಮುಂದೂಡು. ‘ಅತಿಥಿ ಬರುತ್ತಾನೆ, ಆದರೆ ಬಾಗಿಲು ಈಗಲೇ ತೆರೆಯಬೇಡ, ನಾನು ಹೇಳುವವರೆಗೆ ಕಾಯಿ’ ಎಂದು. ಆಮೇಲೆ ಮಾನಿಟರಿನಲ್ಲಿ ಟಿಎಲ್‌ಎಸ್, ಮಲ್ಟಿಎಫ್‌ಡಿ, ಪೋಸ್ಟ್‌ಕಾಪಿ ಏನೇನು ಬೇಕೋ ಎಲ್ಲ ಹೇಳಿ, ಕೊನೆಗೆ ‘ಮೈಗ್ರೇಟ್ ಇನ್‌ಕಮಿಂಗ್’ ಎಂಬ ಆದೇಶದ ಜೊತೆ ವಿಳಾಸ ಕೊಟ್ಟರಾಯಿತು. ಆಗ ಬಾಗಿಲು ತೆರೆಯುತ್ತದೆ. ವರ್ಚುವಲ್ ಮೆಷಿನ್‌ಗಳ ನಿರ್ವಹಣೆಗೆ ವ್ಯಾಪಕವಾಗಿ ಬಳಸುವ ಲಿಬ್‌ವರ್ಟ್ ಕೂಡ ಈ ದಾರಿಯನ್ನೇ ಹಿಡಿದಿದೆ.

ಒಂದು ಮಾತು ಸ್ಪಷ್ಟ ಮಾಡಬೇಕು. ಇದರರ್ಥ ಕಮಾಂಡ್ ಲೈನ್ ಹಳತು, ಮಾನಿಟರ್ ಹೊಸತು, ಆದ್ದರಿಂದ ಒಳ್ಳೆಯದು ಎಂದಲ್ಲ. ಎರಡೂ ಕಡೆ ಅತಿಥಿಯ ಯಂತ್ರಾಂಶ ಒಂದೇ ರೀತಿ ಇರಬೇಕು: ಅದೇ ಮೆಷಿನ್ ಮಾದರಿ, ಅಷ್ಟೇ ಮೆಮೊರಿ, ಅದೇ ಡಿವೈಸ್‌ಗಳು. ಇವೆಲ್ಲ ಇಂದಿಗೂ ಕಮಾಂಡ್ ಲೈನಿನಲ್ಲೇ ಬರುತ್ತವೆ, ಬರುವುದೂ ಸರಿಯೇ. ಮೆಷಿನ್ ಏನು ಎನ್ನುವುದು ಹುಟ್ಟುವಾಗ ತೀರ್ಮಾನವಾಗುವ ವಿಷಯ. ಅದನ್ನು ಹೇಗೆ ಸಾಗಿಸಬೇಕು ಎನ್ನುವುದು ಸಾಗಿಸುವಾಗ ತೀರ್ಮಾನವಾಗಬೇಕಾದ ವಿಷಯ. ಗೊಂದಲ ಬರುವುದು ಎರಡನೆಯದನ್ನು ಮೊದಲನೆಯದರ ಜಾಗದಲ್ಲಿ ತುರುಕಿದಾಗ.

ಡೆಪ್ರಿಕೇಟ್: ಒಂದು ಪದದ ಪಾಡು

ಈಗ ಆ ಪದಕ್ಕೆ ಬರೋಣ. ಯಾವುದೋ ಸೌಲಭ್ಯ ‘ಡೆಪ್ರಿಕೇಟೆಡ್’ ಎಂದು ಸುದ್ದಿ ಬಂದ ಕೂಡಲೇ ‘ಅಯ್ಯೋ, ತೆಗೆದುಹಾಕಿದರಂತೆ’ ಎಂದು ವಾಟ್ಸಾಪ್ ಗುಂಪುಗಳಲ್ಲಿ ಹರಡುತ್ತದೆ. ಇದು ತಪ್ಪು. ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ: ‘ಹಾಗೆ ಹೇಳುತ್ತಿರುತ್ತಾರೆ ಬಿಡಿ, ಏನೂ ಆಗುವುದಿಲ್ಲ’ ಎನ್ನುವುದು.

ಈ ಪದದ ಲ್ಯಾಟಿನ್ ಮೂಲಕ್ಕೆ ಪ್ರಾರ್ಥನೆ ಮಾಡಿ ಕೆಡುಕನ್ನು ದೂರವಿಡುವುದು ಎಂಬರ್ಥವಿದೆ. ತಂತ್ರಾಂಶದವರು ಇದನ್ನು ಬಳಸುವುದು ‘ಇದು ಇನ್ನೂ ಕೆಲಸ ಮಾಡುತ್ತದೆ, ಆದರೆ ದಯವಿಟ್ಟು ಬಳಸಬೇಡಿ, ಮುಂದೊಂದು ದಿನ ಇರುವುದಿಲ್ಲ’ ಎಂಬ ಅರ್ಥದಲ್ಲಿ. ಪ್ರಾರ್ಥನೆಯ ಧ್ವನಿ ಸ್ವಲ್ಪ ಉಳಿದುಕೊಂಡೇ ಇದೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ಒಳ್ಳೆಯ ಪದ ನೆಲೆಯಾಗಿಲ್ಲ. ಬಾಡಿಗೆ ಮನೆಯವರಿಗೆ ಕೊಡುವ ನೋಟಿಸಿಗೆ ಹೋಲಿಸಬಹುದು: ಇವತ್ತೇ ಹೊರಗೆ ಹಾಕುತ್ತಿಲ್ಲ, ಆದರೆ ಬೇರೆ ಮನೆ ಹುಡುಕಿಕೊಳ್ಳಿ.

ಕ್ಯೂಎಮುವಿನಲ್ಲಿ ಈ ನೋಟಿಸಿಗೆ ಖಚಿತ ಅವಧಿ ಇದೆ. ನೋಟಿಸು ಕೊಟ್ಟ ಆವೃತ್ತಿಯಲ್ಲಿ ಮತ್ತು ಅದರ ಮುಂದಿನ ಒಂದು ಆವೃತ್ತಿಯಲ್ಲಿ ಆ ಸೌಲಭ್ಯ ಕೆಲಸ ಮಾಡಲೇಬೇಕು. ಆಮೇಲೆ ತೆಗೆಯಬಹುದು, ತೆಗೆಯಲೇಬೇಕೆಂದಿಲ್ಲ. ವರ್ಷಕ್ಕೆ ಮೂರು ಆವೃತ್ತಿ ಬರುವುದರಿಂದ ಕನಿಷ್ಠ ಸುಮಾರು ಎಂಟು ತಿಂಗಳು ಸಮಯ ಸಿಗುತ್ತದೆ. ಉದಾಹರಣೆಗೆ, ಡಿಸ್ಕನ್ನೂ ಮೆಮೊರಿಯ ಜೊತೆಗೇ ಕಳಿಸುವ ಹಳೆಯ ಬ್ಲಾಕ್ ಮೈಗ್ರೇಶನ್ ಎಂಬ ವಿಧಾನಕ್ಕೆ, ಅದರ ಜೊತೆ ಮೈಗ್ರೇಟ್ ಆದೇಶಕ್ಕಿದ್ದ ಎರಡು ಆಯ್ಕೆಗಳಿಗೆ, ಹಳೆಯ ಕಂಪ್ರೆಶನ್ ವಿಧಾನಕ್ಕೆ 2023ರ ಡಿಸೆಂಬರಿನ 8.2 ಆವೃತ್ತಿಯಲ್ಲಿ ನೋಟಿಸು ಕೊಟ್ಟರು. 2024ರ ಏಪ್ರಿಲಿನ 9.0ದಲ್ಲಿ ಅವು ಇನ್ನೂ ಇದ್ದವು. ಸೆಪ್ಟೆಂಬರಿನ 9.1ರಲ್ಲಿ ಇರಲಿಲ್ಲ. ಡಿಸ್ಕ್ ಸಾಗಿಸಲು ಅಷ್ಟರಲ್ಲಿ ಹೆಚ್ಚು ಒಳ್ಳೆಯ ಬೇರೆ ದಾರಿ ಬಂದಿತ್ತು.

ನಾನು ಸಂವಹನ ಓದಿದವಳು, ಆದ್ದರಿಂದ ನನ್ನ ಕಣ್ಣು ಹೋಗುವುದು ಬೇರೆ ಕಡೆ: ನೋಟಿಸು ಕೊಟ್ಟದ್ದು ಸರಿ, ಓದುವವರು ಯಾರು? ಹಳೆಯ ಆಯ್ಕೆ ಬಳಸಿದರೆ ತೆರೆಯ ಮೇಲೆ ಎಚ್ಚರಿಕೆಯ ಸಾಲೊಂದು ಮೂಡುತ್ತದೆ. ಆದರೆ ಡೇಟಾ ಸೆಂಟರಿನಲ್ಲಿ ಕಮಾಂಡ್ ಲೈನ್ ಟೈಪ್ ಮಾಡುವುದು ಮನುಷ್ಯರಲ್ಲ, ಇನ್ನೊಂದು ತಂತ್ರಾಂಶ. ಎಚ್ಚರಿಕೆ ಯಾವುದೋ ಲಾಗ್ ಕಡತದ ತಳ ಸೇರುತ್ತದೆ. ಬಸ್ಸಿನಲ್ಲಿ ‘ಕೈ ತಲೆ ಹೊರಗೆ ಹಾಕಬೇಡಿ’ ಎಂದು ಬರೆದಿರುವಂತೆ, ಇದ್ದೂ ಇಲ್ಲದಂತೆ.

ಇಲ್ಲಿ ಮಾನಿಟರಿನ ದಾರಿಗೆ ಒಂದು ದೊಡ್ಡ ಅನುಕೂಲವಿದೆ, ಇದನ್ನು ಹೆಚ್ಚಿನವರು ಹೇಳುವುದಿಲ್ಲ. ಕ್ಯೂಎಂಪಿಯಲ್ಲಿ ‘ನಿನ್ನಲ್ಲಿ ಏನೇನು ಆದೇಶಗಳಿವೆ, ಯಾವುದಕ್ಕೆ ನೋಟಿಸು ಬಂದಿದೆ’ ಎಂದು ತಂತ್ರಾಂಶವೇ ತಂತ್ರಾಂಶವನ್ನು ಕೇಳಬಹುದು. ಉತ್ತರ ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ಸಿಗುತ್ತದೆ. 6.0 ಆವೃತ್ತಿಯಿಂದ ‘ಕಂಪ್ಯಾಟ್’ ಎಂಬ ಆಯ್ಕೆಯೂ ಇದೆ: ಪರೀಕ್ಷೆ ಮಾಡುವಾಗ, ನೋಟಿಸು ಬಂದ ಆದೇಶ ಬಳಸಿದರೆ ಕೂಡಲೇ ನಿರಾಕರಿಸು ಎಂದು ಹೇಳಬಹುದು. ಮುಂದಿನ ವರ್ಷ ಏನು ಮುರಿಯುತ್ತದೆ ಎಂದು ಇವತ್ತೇ ಗೊತ್ತಾಗುತ್ತದೆ. ಆದರೆ ಈ ಪರೀಕ್ಷೆ ನೋಡುವುದು ಕ್ಯೂಎಂಪಿಯನ್ನು ಮಾತ್ರ. ಕಮಾಂಡ್ ಲೈನಿಗೆ ಹೀಗೆ ಪ್ರಶ್ನೆ ಕೇಳಿ ಪೂರ್ಣ ಉತ್ತರ ಪಡೆಯುವ ದಾರಿಯಿಲ್ಲ. (ಈ ಕಂಪ್ಯಾಟ್ ಕೂಡ ಕಮಾಂಡ್ ಲೈನ್ ಆಯ್ಕೆಯೇ ಎನ್ನುವುದು ಒಂದು ತಮಾಷೆ.)

ಹಾಗಾದರೆ ಹಳೆಯ ದಾರಿ ಮುಚ್ಚಿತೇ?

ಇಲ್ಲ. 2023ರ ಜೂನಿನಲ್ಲಿ ಅಂಥದ್ದೊಂದು ಪ್ರಸ್ತಾಪ ಬಂದದ್ದು ನಿಜ: ಇನ್‌ಕಮಿಂಗ್ ಆಯ್ಕೆಯಲ್ಲಿ ನೇರ ವಿಳಾಸ ಕೊಡುವುದಕ್ಕೆ ನೋಟಿಸು ಕೊಡೋಣ, ‘ಡಿಫರ್’ ಒಂದನ್ನೇ ಉಳಿಸೋಣ, ಉಳಿದದ್ದನ್ನೆಲ್ಲ ಮಾನಿಟರಿನಲ್ಲೇ ಹೇಳಲಿ ಎಂದು. ಅದೇ ಕಂತೆಯಲ್ಲಿದ್ದ ಬ್ಲಾಕ್ ಮೈಗ್ರೇಶನ್, ಕಂಪ್ರೆಶನ್ ಪ್ರಸ್ತಾಪಗಳು ಮುಂದೆ ಜಾರಿಯಾದವು. ಇದು ಆಗಲಿಲ್ಲ.

ಆಗದೇ ಇದ್ದದ್ದಕ್ಕೆ ನ್ಯಾಯವಿದೆ. ಕ್ಯೂಎಮುವನ್ನು ತಿದ್ದುವವರು, ಪರೀಕ್ಷಿಸುವವರು ದಿನಕ್ಕೆ ಹತ್ತಾರು ಸಲ ಎರಡು ಮೆಷಿನ್ ಎಬ್ಬಿಸಿ ಒಂದರಿಂದ ಇನ್ನೊಂದಕ್ಕೆ ವಲಸೆ ಮಾಡಿಸುತ್ತಾರೆ. ಅವರಿಗೆ ಟಿಎಲ್‌ಎಸ್ ಬೇಡ, ಮಲ್ಟಿಎಫ್‌ಡಿ ಬೇಡ. ಒಂದೇ ಸಾಲಿನಲ್ಲಿ ಕೆಲಸ ಆಗಬೇಕು. ಅದಕ್ಕಾಗಿ ಪ್ರತಿಸಲ ಮಾನಿಟರ್ ತೆರೆದು ಮೂರು ಆದೇಶ ಟೈಪ್ ಮಾಡಿ ಎನ್ನುವುದು, ಒಂದು ಲೋಟ ನೀರು ಕೇಳಿದವರಿಗೆ ಅರ್ಜಿ ಬರೆದುಕೊಡಿ ಎಂದ ಹಾಗೆ. ಜೊತೆಗೆ ಆ ಹಳೆಯ ದಾರಿಯನ್ನು ಉಳಿಸಿಕೊಳ್ಳಲು ತಗಲುವ ಖರ್ಚೂ ಹೆಚ್ಚಿಲ್ಲ. ಒಳಗಡೆ ಅದು ಮಾಡುವುದು ಮೈಗ್ರೇಟ್ ಇನ್‌ಕಮಿಂಗ್ ಆದೇಶದ ಕೆಲಸವನ್ನೇ. ಬ್ಲಾಕ್ ಮೈಗ್ರೇಶನ್ ಹಾಗಲ್ಲ, ಅದು ಯಾರೂ ಹೆಚ್ಚು ಮುಟ್ಟದ, ಆದರೂ ಎಲ್ಲರೂ ಹೊರಬೇಕಾದ ಸಂಕೇತದ ಗುಡ್ಡೆಯಾಗಿತ್ತು. ಅಪಾಯದ ಸೌಲಭ್ಯಗಳಿಗೆ ‘ಮೊದಲೇ ಹೇಳಬೇಕಿತ್ತು’ ಎಂಬ ತಡೆ ಹಾಕಿ, ಸರಳ ಕೆಲಸಕ್ಕೆ ಸರಳ ದಾರಿ ಬಿಟ್ಟದ್ದು ನನ್ನ ಪ್ರಕಾರ ಸರಿಯಾದ ನಡು. ದಾರಿ ಮುಚ್ಚದೆಯೂ ಜನರನ್ನು ಸರಿಯಾದ ದಾರಿಗೆ ತಿರುಗಿಸಬಹುದು.

ಕತೆ ಅಲ್ಲಿಗೂ ಮುಗಿಯಲಿಲ್ಲ. 2025ರ 10.0 ಆವೃತ್ತಿಯಲ್ಲಿ ಇನ್‌ಕಮಿಂಗ್ ಆಯ್ಕೆ ಇನ್ನಷ್ಟು ದೊಡ್ಡದಾಯಿತು! ಸಿಪಿಆರ್ ಟ್ರಾನ್ಸ್‌ಫರ್ ಎಂಬ ಹೊಸ ವಿಧಾನ ಬಂತು. ಕ್ಯೂಎಮು ತಂತ್ರಾಂಶವನ್ನೇ ಹೊಸ ಆವೃತ್ತಿಗೆ ಬದಲಿಸಬೇಕಾದಾಗ, ಅತಿಥಿಯನ್ನು ಅದೇ ಹೋಸ್ಟ್‌ನಲ್ಲಿ ಹಳೆಯ ಕ್ಯೂಎಮುವಿನಿಂದ ಹೊಸದಕ್ಕೆ ದಾಟಿಸುವುದು ಇದರ ಕೆಲಸ. ಮೆಮೊರಿಯನ್ನು ಕಾಪಿ ಮಾಡುವ ಬದಲು, ಅದರ ಹಿಡಿಕೆಯನ್ನೇ ಹೊಸಬನ ಕೈಗೆ ಕೊಡುತ್ತಾರೆ. ಆದರೆ ಹೊಸ ಕ್ಯೂಎಮು ತನ್ನ ಡಿವೈಸ್‌ಗಳನ್ನು ಕಟ್ಟಿಕೊಳ್ಳುವ ಮೊದಲೇ ಆ ಹಿಡಿಕೆಗಳು ಕೈಗೆ ಬಂದಿರಬೇಕು. ಆ ಹೊತ್ತಿಗೆ ಮಾನಿಟರ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ಫೋನೇ ಇಲ್ಲದಾಗ ಫೋನಿನಲ್ಲಿ ಹೇಳುವುದು ಹೇಗೆ? ಹೀಗಾಗಿ ಈ ಸಂಪರ್ಕದ ವಿಳಾಸ ಕಮಾಂಡ್ ಲೈನಿನಲ್ಲೇ ಬರಬೇಕಾಯಿತು: ಇನ್‌ಕಮಿಂಗ್ ಆಯ್ಕೆಯನ್ನು ಎರಡು ಸಲ ಕೊಡುತ್ತಾರೆ, ಒಂದು ಸಾಮಾನ್ಯ ವಲಸೆಗೆ, ಇನ್ನೊಂದು ಜೇಸನ್ ರೂಪದಲ್ಲಿ ಈ ಹಿಡಿಕೆಗಳಿಗೆ. ಮೊದಲನೆಯದನ್ನು ಡಿಫರ್ ಎಂದಿಟ್ಟುಕೊಳ್ಳಬಹುದು. ಆದರೆ ಹಳೆಯ ಕ್ಯೂಎಮುವಿಗೆ ಮೈಗ್ರೇಟ್ ಆದೇಶ ಕೊಡುವವರೆಗೆ ಹೊಸದರ ಮಾನಿಟರ್ ಮಾತಾಡುವುದಿಲ್ಲ. ಇದು ತಿಳಿಯದೆ ಮೊದಲು ಹೊಸದನ್ನು ಮಾತಾಡಿಸಲು ಹೋದವರು ಸುಮ್ಮನೆ ಕಾಯುತ್ತ ಕೂರಬೇಕಾಗುತ್ತದೆ.

ನಿಮ್ಮ ಕಚೇರಿಯಲ್ಲಿ ಇಂಥ ಹಳೆಯ ಸ್ಕ್ರಿಪ್ಟ್ ಇದ್ದರೆ

ಓದುಗರಲ್ಲಿ ಯಾರಾದರೂ ಸಿಸ್ಟಂ ಅಡ್ಮಿನ್ ಇದ್ದರೆ ಅವರಿಗಾಗಿ ಈ ಕೊನೆಯ ಮಾತು. ಲಿಬ್‌ವರ್ಟ್‌ನಂಥ ನಿರ್ವಹಣಾ ತಂತ್ರಾಂಶದ ಮೂಲಕವೇ ವಲಸೆ ಮಾಡುತ್ತಿದ್ದರೆ ನೀವು ಏನೂ ಬದಲಿಸಬೇಕಾಗಿಲ್ಲ, ಡಿಫರ್ ಕೆಲಸ ಅದೇ ಮಾಡಿಕೊಳ್ಳುತ್ತದೆ. ಕ್ಯೂಎಮುವನ್ನು ನೇರವಾಗಿ ಕರೆಯುವ ಸ್ಕ್ರಿಪ್ಟ್ ಇದ್ದರೆ ಅದರಲ್ಲಿ ಇನ್‌ಕಮಿಂಗ್ ಎಂದು ಹುಡುಕಿ. ಅದರ ಮುಂದೆ ಬರಿಯ ಟಿಸಿಪಿ ವಿಳಾಸ ಇದ್ದು, ನಿಮ್ಮ ಅತಿಥಿಗಳು ಬೇರೆಯವರೂ ಹಂಚಿಕೊಂಡ ನೆಟ್‌ವರ್ಕಿನಲ್ಲಿ ಓಡಾಡುತ್ತಿದ್ದರೆ, ಈ ವಾರವೇ ಬದಲಿಸಬೇಕಾದ ಸಾಲು ಅದು. ವಿಳಾಸ ಅಳಿಸಿ ಡಿಫರ್ ಹಾಕಿ, ಟಿಎಲ್‌ಎಸ್ ಪ್ರಮಾಣಪತ್ರದ ಹೆಸರನ್ನು ಎರಡೂ ಕಡೆ ಪ್ಯಾರಾಮೀಟರ್ ಆಗಿ ಕೊಟ್ಟು, ಆಮೇಲೆ ಮೈಗ್ರೇಟ್ ಇನ್‌ಕಮಿಂಗ್ ಹೇಳಿ. ಒಂದು ಕಡೆ ಮಾತ್ರ ಕೊಟ್ಟರೆ ವಲಸೆ ನಡೆಯುವುದಿಲ್ಲ. ಅತಿಥಿ ಹಳೆಯ ಹೋಸ್ಟ್‌ನಲ್ಲೇ ಉಳಿಯುತ್ತಾನೆ, ಏನೂ ಕಳೆದುಹೋಗುವುದಿಲ್ಲ. ಪೋಸ್ಟ್‌ಕಾಪಿ ಬಳಸುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು. ಅಲ್ಲಿ ಅತಿಥಿ ಆ ಕಡೆ ಎದ್ದ ಮೇಲೆ ಅರ್ಧ ಮೆಮೊರಿ ಇಲ್ಲಿ, ಅರ್ಧ ಅಲ್ಲಿ. ನಡುವೆ ನೆಟ್‌ವರ್ಕ್ ಕಡಿದರೆ ಎರಡೂ ಕಡೆ ಪೂರ್ಣ ಅತಿಥಿ ಇರುವುದಿಲ್ಲ. 2018ರ 3.0 ಆವೃತ್ತಿಯಿಂದ ಅಂಥ ಹೊತ್ತಿನಲ್ಲಿ ವಲಸೆಯನ್ನು ಅಲ್ಲಿಗೇ ತಡೆಹಿಡಿದು, ನೆಟ್‌ವರ್ಕ್ ಮರಳಿದ ಮೇಲೆ ಮುಂದುವರಿಸಬಹುದು. ಅದನ್ನು ಮಾಡಿಸುವ ಆದೇಶವೂ ಮಾನಿಟರಿನಲ್ಲೇ ಇದೆ.